ಮೈಗೆ ಲಿಕ್ವಿಡ್ ಲೇಟೆಕ್ಸ್: ಹಚ್ಚುವ ಮುಂಚಿನ ತಯಾರಿ, ತೆಗೆಯುವ ದಾರಿ – ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ಹತ್ತಿರ ಬಂತು ಅಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಶುರುವಾಗುತ್ತವೆ. ಸ್ತಬ್ಧಚಿತ್ರದ ಮೇಲೆ ನಿಲ್ಲುವವರು, ಯುವ ದಸರಾದಲ್ಲಿ ಕುಣಿಯುವ ಕಾಲೇಜು ಹುಡುಗರು, ಹವ್ಯಾಸಿ ನಾಟಕ ತಂಡದವರು. ಬಹುರೂಪಿ ನಾಟಕೋತ್ಸವದ ಸಮಯಕ್ಕೆ ಇನ್ನೊಂದು ಸುತ್ತು. ಹಗಲು ಹೊತ್ತಿನ ಮೆಸೇಜು "ಅಕ್ಕಾ, ಲೇಟೆಕ್ಸ್ ಎಲ್ಲಿ ಸಿಗುತ್ತೆ?" ಅಂತ ಇರುತ್ತದೆ. ರಾತ್ರಿ ಹನ್ನೊಂದರ ಮೇಲೆ ಬರುವುದು "ಅಕ್ಕಾ, ಬರ್ತಾನೇ ಇಲ್ಲ, ಕೂದಲೆಲ್ಲ ಎಳೀತಿದೆ, ಏನ್ ಮಾಡೋದು?" ಅಂತ.

ಮೈಸೂರಿನಲ್ಲಿ ನಾಟಕಕ್ಕೆ ಬಣ್ಣ ಹಚ್ಚುತ್ತಾ ಹದಿನೈದು ವರ್ಷ ಕಳೆದಿದ್ದೇನೆ. ತೆಗೆಯುವಾಗ ಪಡುವ ಕಷ್ಟದ ಮುಕ್ಕಾಲು ಪಾಲು ಹಚ್ಚುವ ಮುಂಚೆಯೇ ನಿರ್ಧಾರ ಆಗಿರುತ್ತದೆ ಅನ್ನುವುದು ನಾನು ಕಲಿತ ಪಾಠ. ಅದಕ್ಕೇ ಇಲ್ಲಿ ತೆಗೆಯುವ ಪ್ರಶ್ನೆ ಬರುವುದು ಅರ್ಧ ದಾರಿ ದಾಟಿದ ಮೇಲೆ. ರಾತ್ರಿ ಹನ್ನೊಂದಕ್ಕೆ ಓದುತ್ತಿರುವವರು ನೇರ ಅಲ್ಲಿಗೇ ಹೋಗಿ, ಬೇಜಾರಿಲ್ಲ.

ಲಿಕ್ವಿಡ್ ಲೇಟೆಕ್ಸ್ ಅಂದರೆ ಏನು? ಇದೂ ಒಂದು ಪೇಂಟಾ?

ಪೇಂಟ್ ಅಂತ ಕರೆಯುತ್ತೇವೆ ಅಷ್ಟೇ. ಇದು ರಬ್ಬರ್ ಮರದ ಹಾಲು. ಕೇರಳದಲ್ಲಿ, ನಮ್ಮ ಸುಳ್ಯ-ಪುತ್ತೂರಿನ ಕಡೆ, ಮರದ ತೊಗಟೆ ಕೆತ್ತಿ ಕರಟದಂಥ ಬಟ್ಟಲು ಕಟ್ಟಿರುತ್ತಾರಲ್ಲ, ಅದರೊಳಗೆ ಬೀಳುವ ಬಿಳಿ ಹಾಲೇ. ನೀರಿನಲ್ಲಿ ರಬ್ಬರಿನ ಸಣ್ಣ ಸಣ್ಣ ಕಣಗಳು ತೇಲುತ್ತಿರುತ್ತವೆ. ಹಾಗೇ ಬಿಟ್ಟರೆ ಗಟ್ಟಿಯಾಗಿ ಕೊಳೆಯುತ್ತದೆ. ಅದಕ್ಕೆ ಅಮೋನಿಯಾ ಸೇರಿಸುತ್ತಾರೆ. ಡಬ್ಬಿ ತೆರೆದ ತಕ್ಷಣ ಮೂಗಿಗೆ ಹೊಡೆಯುವ ಘಾಟು ಅದೇ.

ಮೈಗೆ ಹಚ್ಚಿದಾಗ ನೀರು, ಅಮೋನಿಯಾ ಎರಡೂ ಹಾರಿಹೋಗುತ್ತವೆ. ಕಣಗಳು ಒಂದಕ್ಕೊಂದು ಅಂಟಿಕೊಂಡು ತೆಳು ರಬ್ಬರ್ ಪೊರೆ ಆಗುತ್ತದೆ. ಒಮ್ಮೆ ಪೊರೆ ಆದಮೇಲೆ ನೀರಿಗೆ ಕರಗುವುದಿಲ್ಲ. ಉಳಿದ ಬಣ್ಣಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ಬೇರೆ ಬಣ್ಣವನ್ನು ತೊಳೆಯುತ್ತೀರಿ. ಇದನ್ನು ಸುಲಿಯಬೇಕು.

ಕ್ಯಾನಿನಲ್ಲಿ ಅಗ್ಗಕ್ಕೆ ಸಿಗುತ್ತಲ್ಲಾ, ಅದು ಆಗಲ್ವಾ?

ಆಗಲ್ಲ. ಕಾರ್ಖಾನೆಗೆ ಹೋಗುವ ಗಟ್ಟಿ ಲೇಟೆಕ್ಸ್‌ನಲ್ಲಿ ಸುಮಾರು 60 ಶೇಕಡಾ ರಬ್ಬರ್ ಇರುತ್ತದೆ. ಅದರಲ್ಲಿ ಎರಡು ಜಾತಿ. ಜಾಸ್ತಿ ಅಮೋನಿಯಾದ್ದರಲ್ಲಿ ಸುಮಾರು 0.7 ಶೇಕಡಾ, ಕಡಿಮೆಯದ್ದರಲ್ಲಿ ಸುಮಾರು 0.2 ಶೇಕಡಾ. ಕಡಿಮೆ ಅಮೋನಿಯಾ ಅಂದ ತಕ್ಷಣ ಸೇಫ್ ಅಂದುಕೊಳ್ಳಬೇಡಿ. ಆ ಕೊರತೆ ತುಂಬಲು ಬೇರೆ ರಾಸಾಯನಿಕ ಹಾಕಿರುತ್ತಾರೆ, ಅದೇ ಕೆಲವರ ಚರ್ಮಕ್ಕೆ ಅಮೋನಿಯಾಗಿಂತ ಜಾಸ್ತಿ ತೊಂದರೆ ಕೊಡುತ್ತದೆ. ಮ್ಯಾಟು, ಕಾರ್ಪೆಟ್ಟು, ಅಚ್ಚು ಮಾಡಲು ತಯಾರಾದದ್ದು ಚರ್ಮಕ್ಕೆ ಅಂತ ಮಾಡಿದ್ದಲ್ಲ.

ಡಬ್ಬಿಯ ಮೇಲೆ ಕಾಸ್ಮೆಟಿಕ್ ಬಳಕೆಗೆ, ಚರ್ಮಕ್ಕೆ ಅಂತ ಸ್ಪಷ್ಟವಾಗಿ ಬರೆದಿರಬೇಕು. ತಯಾರಾದ ದಿನಾಂಕ ನೋಡಿ. ಅಲ್ಲಾಡಿಸಿದಾಗ ಹಾಲಿನ ಹಾಗೆ ಹರಿಯಬೇಕು. ಮೊಸರಿನ ಗಂಟು ಕಂಡರೆ, ಕೊಳೆತ ವಾಸನೆ ಬಂದರೆ ವಾಪಸ್ ಕೊಡಿ.

ನನಗೆ ಅಲರ್ಜಿ ಇದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು?

ಇದೊಂದು ಪ್ರಶ್ನೆಗೆ ಪೂರ್ತಿ ಉತ್ತರ ಓದಿ, ಆಮೇಲೆ ಮುಂದಕ್ಕೆ ಹೋಗಿ.

ಲೇಟೆಕ್ಸ್ ಅಲರ್ಜಿಯಲ್ಲಿ ಎರಡು ಥರ ಇದೆ. ಒಂದು ತಡವಾಗಿ ಬರುವುದು. ಹಚ್ಚಿದ ಒಂದೆರಡು ದಿನಕ್ಕೆ ಆ ಜಾಗ ಕೆಂಪಾಗಿ, ತುರಿಸಿ, ಸಣ್ಣ ಗುಳ್ಳೆ ಏಳುತ್ತದೆ. ಇದಕ್ಕೆ ಬಹುತೇಕ ಕಾರಣ ರಬ್ಬರಿಗೆ ಸೇರಿಸಿದ ರಾಸಾಯನಿಕಗಳು. ಕಿರಿಕಿರಿ ಜಾಸ್ತಿ, ಆದರೆ ಜೀವಕ್ಕೆ ಅಪಾಯ ಇಲ್ಲ. ಇನ್ನೊಂದು ಕೂಡಲೇ ಬರುವುದು. ಇದಕ್ಕೆ ಕಾರಣ ರಬ್ಬರ್ ಹಾಲಿನಲ್ಲೇ ಇರುವ ಪ್ರೋಟೀನು. ನಿಮಿಷಗಳಲ್ಲಿ ದದ್ದು ಏಳುತ್ತವೆ, ಸೀನು ಬರುತ್ತದೆ, ಕಣ್ಣು ತುಟಿ ಊದುತ್ತವೆ. ಕೆಲವರಿಗೆ ಉಸಿರೇ ಕಟ್ಟಬಹುದು. ಇದು ಜೀವಕ್ಕೇ ಕುತ್ತು ತರುವಂಥದ್ದು.

ಹಾಗಾಗಿ ಮೊದಲು ಬಾಯಿಮಾತಿನ ವಿಚಾರಣೆ. ಬಲೂನ್ ಊದಿದಾಗ ತುಟಿ ತುರಿಸಿದೆಯಾ? ರಬ್ಬರ್ ಗ್ಲೌಸ್ ಹಾಕಿಕೊಂಡಾಗ ಕೈ ಕೆಂಪಾಗಿದೆಯಾ? ಹಲ್ಲಿನ ಡಾಕ್ಟರ ಹತ್ತಿರ ಹೋಗಿಬಂದ ಮೇಲೆ ಬಾಯಿ ಸುತ್ತ ಊದಿದೆಯಾ? ಆಸ್ತಮಾ ಇದೆಯಾ? ಚಿಕ್ಕಂದಿನಿಂದ ತುಂಬಾ ಆಪರೇಷನ್ ಆಗಿವೆಯಾ? ಆಸ್ಪತ್ರೆಯಲ್ಲಿ ಕೆಲಸ ಮಾಡುವವರಾ? ಪದೇ ಪದೇ ರಬ್ಬರಿನ ಸಂಪರ್ಕ ಆದವರಲ್ಲಿ ಈ ಅಲರ್ಜಿ ಜಾಸ್ತಿ. ನರ್ಸಿಂಗ್ ಓದುವ ಹುಡುಗಿಯರು ನಾಟಕಕ್ಕೆ ಬಂದಾಗ ನಾನು ಎರಡು ಸಲ ಕೇಳುತ್ತೇನೆ.

ಬಲೂನ್, ಗ್ಲೌಸ್, ಹಲ್ಲಿನ ಡಾಕ್ಟರ ಪ್ರಶ್ನೆಗೆ "ಹೌದು" ಅಂದರೆ ಅಲ್ಲಿಗೇ ಮುಗಿಯಿತು. ಲೇಟೆಕ್ಸ್ ಬೇಡ. ಮನೆಯಲ್ಲಿ ಪ್ಯಾಚ್ ಟೆಸ್ಟ್, ಅಂದರೆ ಚರ್ಮಕ್ಕೆ ಸ್ವಲ್ಪ ಹಚ್ಚಿ ನೋಡುವುದು, ಅದೂ ಬೇಡ. ಖಚಿತ ಮಾಡಿಕೊಳ್ಳಬೇಕು ಅಂದರೆ ಚರ್ಮದ ಡಾಕ್ಟರೋ ಅಲರ್ಜಿ ಡಾಕ್ಟರೋ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಆಸ್ತಮಾ, ಆಪರೇಷನ್, ಆಸ್ಪತ್ರೆ ಕೆಲಸದ ಪ್ರಶ್ನೆಗೆ "ಹೌದು" ಅಂದವರು ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಎಲ್ಲದಕ್ಕೂ "ಇಲ್ಲ" ಅಂದವರಿಗೆ ಪ್ಯಾಚ್ ಟೆಸ್ಟ್. ಮುಂಗೈ ಒಳಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಹಚ್ಚಿ. ಮೊದಲ ಅರ್ಧ ಗಂಟೆ ಒಬ್ಬರೇ ಇರಬೇಡಿ. ಒಂದೆರಡು ಗಂಟೆ ಬಿಟ್ಟು ಸುಲಿದು, ಆಮೇಲೆ ಎರಡು ದಿನ ಆ ಜಾಗ ನೋಡುತ್ತಿರಿ. ಶೋ ದಿನ ಬೆಳಿಗ್ಗೆ ಟೆಸ್ಟ್ ಮಾಡಿ ಸಂಜೆ ಹಚ್ಚುವುದು ಟೆಸ್ಟೇ ಅಲ್ಲ. ಬಳಸುವ ಡಬ್ಬಿಯಿಂದಲೇ, ಬಳಸುವ ಬಣ್ಣ ಬೆರೆಸಿಯೇ ಟೆಸ್ಟ್ ಮಾಡಿ.

ಇನ್ನೂ ಒಂದು ಮಾತು. ಹೋದ ವರ್ಷ ಏನೂ ಆಗಿರಲಿಲ್ಲ ಅಂತ ಈ ವರ್ಷ ಆಗುವುದಿಲ್ಲ ಅಂತಿಲ್ಲ. ಈ ಅಲರ್ಜಿ ಹಚ್ಚುತ್ತಾ ಹಚ್ಚುತ್ತಾ ಬೆಳೆಯಬಹುದು. ಹಚ್ಚುವ ನನ್ನಂಥವರಿಗೂ ಈ ಮಾತು ಅನ್ವಯ. ನಾನು ಲೇಟೆಕ್ಸ್ ಇಲ್ಲದ ನೈಟ್ರೈಲ್ ಗ್ಲೌಸ್ ಹಾಕಿಕೊಂಡೇ ಕೆಲಸ ಮಾಡುವುದು.

ಬಾಳೆಹಣ್ಣು ತಿಂದರೆ ಬಾಯಿ ತುರಿಸುತ್ತಾ ಅಂತ ಯಾಕೆ ಕೇಳ್ತೀರಾ?

ಎಲ್ಲರೂ ನಗುತ್ತಾರೆ ಈ ಪ್ರಶ್ನೆಗೆ. ನಂಜನಗೂಡು ರಸಬಾಳೆಯ ಊರಿನ ಪಕ್ಕದಲ್ಲಿ ಕೂತು ಇದನ್ನು ಕೇಳಿದರೆ ನಗು ಬರುವುದೇ. ಆದರೆ ರಬ್ಬರ್ ಹಾಲಿನ ಕೆಲವು ಪ್ರೋಟೀನುಗಳಿಗೂ ಬಾಳೆಹಣ್ಣು, ಬೆಣ್ಣೆಹಣ್ಣು, ಕಿವಿ ಹಣ್ಣು, ಪರಂಗಿ ಇವುಗಳ ಪ್ರೋಟೀನುಗಳಿಗೂ ಹೋಲಿಕೆ ಇದೆ. ಮೈ ಒಂದನ್ನು ಶತ್ರು ಅಂದುಕೊಂಡರೆ ಇನ್ನೊಂದನ್ನೂ ಅದೇ ಕಣ್ಣಿನಿಂದ ನೋಡುತ್ತದೆ. ಬಾಳೆಹಣ್ಣು ತಿಂದಾಗ ಬಾಯಿ, ಗಂಟಲು ತುರಿಸುವವರು ಲೇಟೆಕ್ಸ್ ಮುಟ್ಟುವ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ಮೈಮೇಲಿನ ಕೂದಲು ತೆಗೆಯಲೇಬೇಕಾ?

ಹೌದು, ಹಚ್ಚುವ ಜಾಗದ್ದು. ಲೇಟೆಕ್ಸ್ ಚರ್ಮವನ್ನು ಅಷ್ಟೇನೂ ಬಿಗಿಯಾಗಿ ಹಿಡಿಯುವುದಿಲ್ಲ. ಅದು ಹಿಡಿಯುವುದು ಕೂದಲನ್ನು. ಹಸಿ ಇದ್ದಾಗ ಪ್ರತಿ ಕೂದಲಿನ ಸುತ್ತ ಹರಿಯುತ್ತದೆ, ಒಣಗಿದಾಗ ಕೂದಲು ರಬ್ಬರಿನೊಳಗೆ ಹೂತುಹೋಗಿರುತ್ತದೆ. ಸುಲಿದಾಗ ವ್ಯಾಕ್ಸಿಂಗ್ ಮಾಡಿದ ಹಾಗೇ. ವ್ಯಾಕ್ಸಿಂಗ್ ಆದರೂ ಒಂದೇ ಏಟಿಗೆ ಮುಗಿಯುತ್ತದೆ. ಇದು ಹಿಗ್ಗುತ್ತಾ ಹಿಗ್ಗುತ್ತಾ ಎಳೆಯುತ್ತದೆ.

ಶುರುವಿನ ದಿನಗಳಲ್ಲಿ ಮಂಡ್ಯದ ಒಂದು ಕಾಲೇಜು ತಂಡಕ್ಕೆ ಹಲ್ಲಿ ಚರ್ಮದ ಮೇಕಪ್ ಮಾಡಲು ಹೋಗಿದ್ದೆ. ಹುಡುಗನ ಎದೆ ತುಂಬಾ ಕೂದಲು. "ಪರವಾಗಿಲ್ಲ ಮೇಡಂ, ನಾನು ತಡ್ಕೋತೀನಿ" ಅಂದ. ನಾನೂ ಒಪ್ಪಿದೆ. ನಾಟಕಕ್ಕೆ ಚಪ್ಪಾಳೆ ಬಿತ್ತು. ಆಮೇಲೆ ಗ್ರೀನ್ ರೂಮಿನಲ್ಲಿ ಎರಡೂವರೆ ಗಂಟೆ, ಅರ್ಧ ಲೀಟರ್ ಕೊಬ್ಬರಿ ಎಣ್ಣೆ, ಕೊನೆಗೆ ಕತ್ತರಿ. ಅವನು ತಡೆದುಕೊಂಡ. ನಾನು ಆವತ್ತಿನಿಂದ "ಪರವಾಗಿಲ್ಲ" ಅನ್ನುವ ಮಾತನ್ನು ನಂಬುವುದು ಬಿಟ್ಟೆ.

ಶೇವ್ ಮಾಡುವುದಾದರೆ ಒಂದು ದಿನ ಮುಂಚೆ ಮಾಡಿ. ಅದೇ ದಿನ ಮಾಡಿದರೆ ಕಣ್ಣಿಗೆ ಕಾಣದ ಸಣ್ಣ ಗಾಯಗಳಿರುತ್ತವೆ. ಅದರ ಮೇಲೆ ಅಮೋನಿಯಾ ಬಿದ್ದರೆ ಮೆಣಸಿನಪುಡಿ ಹಾಕಿದ ಹಾಗೆ ಉರಿಯುತ್ತದೆ. ವ್ಯಾಕ್ಸಿಂಗ್ ಆದರೆ ಎರಡು ಮೂರು ದಿನ ಮುಂಚೆ. ಕೂದಲು ತೆಗೆಯುವ ಕ್ರೀಮಿಗೂ ಅಷ್ಟೇ ಬಿಡುವು ಕೊಡಿ. ಕೈಮೇಲಿನ ತೆಳು ಕೂದಲನ್ನು ಉಳಿಸಿಕೊಳ್ಳಲೇಬೇಕು ಅನ್ನುವವರು ಕೂದಲ ಮೇಲೆ ಮಾತ್ರ ವ್ಯಾಸಲೀನಿನ ತೆಳು ಲೇಪ ಸವರಬಹುದು. ಆದರೆ ಅಲ್ಲಿ ಪೊರೆ ಸರಿಯಾಗಿ ಕೂರುವುದಿಲ್ಲ, ಬೇಗ ಏಳುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ಹಚ್ಚುವ ದಿನ ಚರ್ಮಕ್ಕೆ ಏನು ಮಾಡಬೇಕು?

ಸೋಪು ಹಾಕಿ ಸ್ನಾನ ಮಾಡಿ, ಪೂರ್ತಿ ಒರೆಸಿಕೊಳ್ಳಿ. ಎಣ್ಣೆ, ಮಾಯಿಶ್ಚರೈಸರ್, ಬಾಡಿ ಸ್ಪ್ರೇ ಏನೂ ಬೇಡ. ಎಣ್ಣೆ ಇದ್ದರೆ ಲೇಟೆಕ್ಸ್ ಹಿಡಿಯುವುದಿಲ್ಲ. ನವರಾತ್ರಿಗೆ ಅಂತ ಎಣ್ಣೆ ಸ್ನಾನ ಮಾಡಿದ್ದರೆ ಕಡಲೆ ಹಿಟ್ಟೋ ಸೀಗೆಪುಡಿಯೋ ಹಾಕಿ ಜಿಡ್ಡು ಹೋಗಿಸಿ ಬನ್ನಿ. ತೀರಾ ಉಜ್ಜಿ ಕೆಂಪಗೆ ಮಾಡಿಕೊಳ್ಳಬೇಡಿ. ಚೆನ್ನಾಗಿ ಊಟ ಮಾಡಿ, ನೀರು ಕುಡಿಯಿರಿ. ಮತ್ತೆ, ಬಾತ್‌ರೂಮಿಗೆ ಹೋಗಿಬನ್ನಿ. ನಗಬೇಡಿ, ಮೂರು ಪದರ ಹಚ್ಚಿದ ಮೇಲೆ ನೆನಪಾಗುವ ವಿಷಯ ಇದು.

ಎಲ್ಲೆಲ್ಲಿ ಹಚ್ಚಬಾರದು?

ಕಣ್ಣಿನ ಸುತ್ತ, ರೆಪ್ಪೆ, ತುಟಿ, ಮೂಗಿನ ಹೊಳ್ಳೆ, ಕಿವಿಯೊಳಗೆ, ಗುಪ್ತಾಂಗದ ಹತ್ತಿರ. ತಲೆಕೂದಲು, ಗಡ್ಡ, ಮೀಸೆ, ಕಂಕುಳು. ಗಾಯ, ಮೊಡವೆ, ಬಿಸಿಲಿಗೆ ಸುಟ್ಟ ಜಾಗ, ಇಸುಬು, ಸೋರಿಯಾಸಿಸ್, ಹೊಸ ಹಚ್ಚೆ. ಲೇಟೆಕ್ಸ್ ಒಂದು ಕ್ಷಾರ. ಅದರ ಪಿಎಚ್ ಸುಮಾರು 10, ನಮ್ಮ ಚರ್ಮದ್ದು 5ರ ಆಸುಪಾಸು. ಗಟ್ಟಿ ಚರ್ಮ ಸ್ವಲ್ಪ ಹೊತ್ತು ಅದನ್ನು ತಡೆದುಕೊಳ್ಳುತ್ತದೆ. ಒಡೆದ ಚರ್ಮ ತಡೆಯುವುದಿಲ್ಲ.

ಇನ್ನೊಂದು ಯಾರೂ ಹೇಳದ ವಿಷಯ. ಬೆರಳು, ಮಣಿಕಟ್ಟು, ಕುತ್ತಿಗೆ ಇವುಗಳ ಸುತ್ತ ಬಳೆಯ ಹಾಗೆ ಪೂರ್ತಿ ಸುತ್ತು ಹಚ್ಚಬೇಡಿ. ಒಣಗಿದಾಗ ಲೇಟೆಕ್ಸ್ ಸ್ವಲ್ಪ ಕುಗ್ಗುತ್ತದೆ. ದಪ್ಪವಾಗಿ ಹಚ್ಚಿದ್ದರೆ ರಬ್ಬರ್ ಬ್ಯಾಂಡ್ ಹಾಕಿದ ಹಾಗೆ ಬಿಗಿಯುತ್ತದೆ. ಹಿಂಬದಿಯಲ್ಲಿ ಒಂದು ಬೆರಳಿನಷ್ಟು ಜಾಗ ಖಾಲಿ ಬಿಡಿ. ತೆಗೆಯುವಾಗ ಅಲ್ಲಿಂದಲೇ ಶುರು ಮಾಡಬಹುದು.

ಇಡೀ ಮೈಗೆ ಹಚ್ಚಿದರೆ ಚರ್ಮಕ್ಕೆ ಉಸಿರು ಕಟ್ಟಿ ಸಾಯ್ತಾರಂತೆ, ನಿಜಾನಾ?

ಉಸಿರಾಡುವುದು ಶ್ವಾಸಕೋಶ, ಚರ್ಮ ಅಲ್ಲ. ಆ ಭಯ ಸುಳ್ಳು. ನಿಜವಾದ ಅಪಾಯ ಸೆಖೆ. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ರಬ್ಬರಿನ ಕೆಳಗೆ ಬೆವರು ಆರುವುದಿಲ್ಲ, ಸುಮ್ನೆ ನಿಲ್ಲುತ್ತದೆ. ಏಪ್ರಿಲ್ ತಿಂಗಳ ಮಂಡ್ಯದ ಬಿಸಿಲಿನಲ್ಲಿ, ಮೇಲೆ ಹ್ಯಾಲೊಜೆನ್ ದೀಪ ಬೇರೆ, ಅದರಲ್ಲಿ ಕುಣಿದರೆ ಮೈ ಕಾದುಬಿಡುತ್ತದೆ. ತಲೆ ಸುತ್ತು, ವಾಂತಿ ಬಂದ ಹಾಗೆ, ಮಂಕು ಕವಿದ ಹಾಗೆ ಆದರೆ ಶೋ ಪಕ್ಕಕ್ಕಿಡಿ. ನೆರಳಿಗೆ ಬನ್ನಿ, ಲೇಟೆಕ್ಸ್ ತೆಗೆಯಿರಿ, ನೀರು ಚಿಮುಕಿಸಿ ಗಾಳಿ ಹಾಕಿ.

ನಾನಂತೂ ಇಡೀ ಮೈಗೆ ಹಚ್ಚುವುದಿಲ್ಲ. ತೋಳು, ಭುಜ, ಬೆನ್ನಿನ ಒಂದು ಭಾಗ ಸಾಕು. ಉಳಿದದ್ದಕ್ಕೆ ಮಾಮೂಲಿ ನೀರು ಬಣ್ಣ. ಹತ್ತು ಅಡಿ ದೂರದಿಂದ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹಚ್ಚುವುದು ಹೇಗೆ?

ಕಿಟಕಿ ತೆರೆದ ಕೋಣೆಯಲ್ಲಿ. ಬ್ರಶ್‌ಗಿಂತ ಸ್ಪಂಜು ವಾಸಿ. ಬ್ರಶ್ಶೇ ಬೇಕಾದರೆ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ಅದ್ದಿ ಹಿಂಡಿ, ಇಲ್ಲದಿದ್ದರೆ ಮೊದಲ ಸಲಕ್ಕೇ ಬ್ರಶ್ ಹೋಯಿತು. ಒಂದೇ ಕಡೆಗೆ ತೆಳುವಾಗಿ ಎಳೆಯಿರಿ. ಅರೆ ಒಣಗಿದ ಜಾಗಕ್ಕೆ ವಾಪಸ್ ಹೋಗಿ ತಿದ್ದಬೇಡಿ, ಸುರುಳಿ ಸುತ್ತಿಕೊಂಡು ಏಳುತ್ತದೆ.

ಎರಡರಿಂದ ನಾಲ್ಕು ತೆಳು ಪದರ. ಒಂದು ಪೂರ್ತಿ ಒಣಗಿದ ಮೇಲೆ ಇನ್ನೊಂದು. ತೀರಾ ತೆಳುವಾಗಿ ಒಂದೇ ಪದರ ಹಚ್ಚಿದರೆ ತೆಗೆಯುವಾಗ ಚೂರು ಚೂರಾಗಿ ಹರಿಯುತ್ತದೆ. ಎರಡು ಮೂರು ಪದರ ಆದರೆ ಹಾಳೆಯ ಹಾಗೆ ಒಟ್ಟಿಗೆ ಬರುತ್ತದೆ. ಅಂಚುಗಳನ್ನು ಮಾತ್ರ ಸ್ವಲ್ಪ ದಪ್ಪ ಮಾಡಿ. ತೆಗೆಯುವಾಗ ಹಿಡಿಯಲು ಅಂಚು ಬೇಕಲ್ಲ. ಮೊಣಕೈ, ಮೊಣಕಾಲಿಗೆ ಹಚ್ಚುವಾಗ ಅರ್ಧ ಮಡಚಿಕೊಂಡಿರಿ, ಒಣಗುವವರೆಗೂ ಹಾಗೇ ಇರಿ.

ಒಣಗಿದ ಲೇಟೆಕ್ಸ್ ತನಗೆ ತಾನೇ ಅಂಟಿಕೊಳ್ಳುತ್ತದೆ. ತೋಳು ಪಕ್ಕೆಗೆ ತಾಗಿತೋ, ಮುಗಿಯಿತು ಕಥೆ. ಕೊನೆಯ ಪದರ ಒಣಗಿದ ತಕ್ಷಣ ಟಾಲ್ಕಂ ಪೌಡರೋ ಕಾರ್ನ್‌ಫ್ಲೋರೋ ಹಚ್ಚಿ. ಬಣ್ಣದ ವಿಷಯಕ್ಕೆ ಬಂದರೆ, ಹಸಿ ಇದ್ದಾಗ ಹಾಲಿನ ಬಿಳುಪು ಸೇರಿ ತಿಳಿಯಾಗಿ ಕಾಣುತ್ತದೆ, ಒಣಗಿದಾಗ ಗಾಢವಾಗುತ್ತದೆ. ಡಬ್ಬಿಯಲ್ಲಿ ನೋಡಿ ಬಣ್ಣ ನಿರ್ಧರಿಸಬೇಡಿ.

ದಸರಾ ಸಮಯಕ್ಕೆ ಮಳೆ. ಒಣಗೋದೇ ಇಲ್ಲ. ಏನು ಮಾಡಲಿ?

ಒಣಗುವುದು ಅಂದರೆ ನೀರು ಆರುವುದು. ಗಾಳಿಯಲ್ಲೇ ಪಸೆ ಇದ್ದರೆ ಅದು ಎಲ್ಲಿಗೆ ಹೋಗಬೇಕು? ಬೇಸಿಗೆಯಲ್ಲಿ ಐದು ನಿಮಿಷಕ್ಕೆ ಒಣಗುವ ಪದರಕ್ಕೆ ಮಳೆ ದಿನ ಹದಿನೈದು ನಿಮಿಷ ಹಿಡಿಯಬಹುದು. ಫ್ಯಾನ್ ಹಾಕಿ, ಹೇರ್ ಡ್ರೈಯರನ್ನು ತಣ್ಣನೆ ಗಾಳಿಗೆ ಇಟ್ಟು ದೂರದಿಂದ ಬಿಡಿ. ಬಿಸಿ ಗಾಳಿ ಹತ್ತಿರ ಹಿಡಿದರೆ ಮೇಲೆ ಪೊರೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ, ಅಮೋನಿಯಾ ಚರ್ಮದ ಮೇಲೇ ಕೂರುತ್ತದೆ. ಬಿಳುಪು ಪೂರ್ತಿ ಮಾಯವಾದರೆ ಒಣಗಿದೆ ಅಂತ ಲೆಕ್ಕ.

ಎಷ್ಟು ಹೊತ್ತು ಇಟ್ಟುಕೊಳ್ಳಬಹುದು?

ನನ್ನ ಲೆಕ್ಕ ಮೂರರಿಂದ ನಾಲ್ಕು ಗಂಟೆ. ಅಷ್ಟರಲ್ಲಿ ತುರಿಕೆ, ಉರಿ ಶುರುವಾದರೆ ಆಗಲೇ ತೆಗೆಯಿರಿ. ಹಚ್ಚಿಕೊಂಡೇ ಮಲಗಬೇಡಿ. ಮೆರವಣಿಗೆಯವರು ಸಮಯ ಹೇಳುವುದು ಒಂದು, ಹೊರಡುವುದು ಇನ್ನೊಂದು. ಅದನ್ನೂ ಲೆಕ್ಕಕ್ಕೆ ಹಿಡಿದು ಹಚ್ಚಲು ಶುರು ಮಾಡಿ.

ಸರಿ, ತೆಗೆಯುವುದು ಹೇಗೆ?

ಮೊದಲು ಒಂದು ಗಂಟೆ ಬಿಡುವು ಇಟ್ಟುಕೊಳ್ಳಿ. ಆಟೋ ಕಾಯುತ್ತಿದೆ, ಹಾಲ್ ಬಾಗಿಲು ಹಾಕುತ್ತಾರೆ ಅಂತ ಅವಸರದಲ್ಲಿ ಎಳೆದವರೇ ಚರ್ಮ ಕಿತ್ತುಕೊಂಡಿರುವುದು. ಅಲ್ಲಿ ಸಮಯ ಇಲ್ಲ ಅಂದರೆ ಮೇಲೊಂದು ಹಳೆ ಶರ್ಟ್ ಹಾಕಿಕೊಂಡು ಮನೆಗೆ ಹೋಗಿ ತೆಗೆಯಿರಿ.

ಉಗುರುಬೆಚ್ಚಗಿನ ನೀರು, ಮಾಮೂಲಿ ಸೋಪು ಅಥವಾ ಬೇಬಿ ಶಾಂಪೂ, ಕೊಬ್ಬರಿ ಎಣ್ಣೆ ಅಥವಾ ಬೇಬಿ ಆಯಿಲ್, ಕಿವಿಗೆ ಬಳಸುವ ಹತ್ತಿ ಕಡ್ಡಿ, ಒಂದು ಹಳೆ ಟವೆಲ್. ಇಷ್ಟು ಸಾಕು.

ನೀರಿಗೆ ರಬ್ಬರ್ ಕರಗುವುದಿಲ್ಲ ಅಂದೆನಲ್ಲ, ಮತ್ತೆ ನೀರು ಯಾಕೆ ಅಂದರೆ, ಪೊರೆಯ ಅಂಚಿನಿಂದ ಸೋಪು ನೀರು ಕೆಳಗೆ ಇಳಿದು ಹಿಡಿತ ಸಡಿಲ ಮಾಡುತ್ತದೆ. ಹತ್ತು ನಿಮಿಷ ಬೆಚ್ಚಗಿನ ನೀರಿನ ಕೆಳಗೆ ನಿಂತು, ಅಂಚುಗಳನ್ನು ಬೆರಳ ತುದಿಯಿಂದ ಮೆಲ್ಲಗೆ ಉಜ್ಜಿ. ಅಂಚು ಸುರುಳಿಯಾಗಿ ಏಳುತ್ತದೆ. ಕುಣಿದು ಬೆವತವರಿಗೆ ಇನ್ನೂ ಸುಲಭ, ಬೆವರು ಆಗಲೇ ಅರ್ಧ ಕೆಲಸ ಮಾಡಿರುತ್ತದೆ.

ಎದ್ದ ಅಂಚನ್ನು ಹಿಡಿದು ಮೇಲಕ್ಕೆ ಎತ್ತಬೇಡಿ. ಚರ್ಮಕ್ಕೆ ಒರಗಿಸಿಕೊಂಡೇ, ಹಿಂದಕ್ಕೆ ಮಡಚುತ್ತಾ, ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ. ಇನ್ನೊಂದು ಕೈಯಿಂದ ಪಕ್ಕದ ಚರ್ಮವನ್ನು ಒತ್ತಿ ಹಿಡಿದಿರಬೇಕು. ಅಂಟಿಸಿದ ಸ್ಟಿಕ್ಕರನ್ನು ಪುಸ್ತಕದಿಂದ ಕಾಗದ ಹರಿಯದ ಹಾಗೆ ಬಿಡಿಸುತ್ತೀರಲ್ಲ, ಅದೇ ನಿಧಾನ. ಎಲ್ಲಿ ನಿಂತಿತೋ ಅಲ್ಲಿ ಕೂದಲು ಇದೆ ಅಂತ ಅರ್ಥ. ಬಲ ಹಾಕಬೇಡಿ. ಹತ್ತಿ ಕಡ್ಡಿಯನ್ನು ಎಣ್ಣೆಯಲ್ಲಿ ಅದ್ದಿ ಪೊರೆಗೂ ಚರ್ಮಕ್ಕೂ ನಡುವೆ ಹಚ್ಚಿ, ಎರಡು ಮೂರು ನಿಮಿಷ ಬಿಡಿ. ಎಣ್ಣೆ ರಬ್ಬರನ್ನು ಊದಿಸಿ ಮೆತ್ತಗೆ ಮಾಡುತ್ತದೆ. ಮತ್ತೆ ಎಳೆಯಿರಿ.

ಎಣ್ಣೆಯನ್ನು ಶುರುವಿನಲ್ಲೇ ಮೇಲೆಲ್ಲ ಸುರಿದರೆ ಒಂದು ತೊಂದರೆ ಇದೆ. ಪೊರೆ ಜಾರುತ್ತದೆ, ಕೈಗೆ ಸಿಗುವುದಿಲ್ಲ, ಮೆತ್ತಗಾಗಿ ಚೂರು ಚೂರಾಗಿ ಬರುತ್ತದೆ. ಅದಕ್ಕೆ ಮೊದಲು ನೀರು, ಸಿಕ್ಕಿಹಾಕಿಕೊಂಡ ಕಡೆ ಮಾತ್ರ ಎಣ್ಣೆ. ಉಳಿದ ಸಣ್ಣ ಚೂರುಗಳನ್ನು ಬೆರಳಿನಿಂದ ಉರುಳಿಸಿದರೆ ಪೆನ್ಸಿಲ್ ರಬ್ಬರಿನ ಪುಡಿಯ ಹಾಗೆ ಉದುರುತ್ತವೆ. ಉಗುರು, ಚಾಕು, ಪ್ಯೂಮಿಸ್ ಕಲ್ಲು, ಬಟ್ಟೆ ಒಗೆಯುವ ಬ್ರಶ್ ಯಾವುದೂ ಬೇಡ.

ಬೆನ್ನಿನದ್ದನ್ನು ಒಬ್ಬರೇ ತೆಗೆಯಲು ಹೋಗಬೇಡಿ, ಹಚ್ಚಿದವರೇ ತೆಗೆಯಲಿ. ಹಾಗಂತ ನಾನು ತಂಡದವರ ಹತ್ತಿರ ಮೊದಲೇ ಮಾತಾಡಿಕೊಂಡಿರುತ್ತೇನೆ. ಹಚ್ಚಿ ದುಡ್ಡು ಇಸಕೊಂಡು ಹೊರಟುಹೋಗುವ ಮೇಕಪ್ಪಿನವರನ್ನು ಕಂಡರೆ ನನಗೆ ಆಗುವುದಿಲ್ಲ.

ಹುಲಿವೇಷದವರು ಸೀಮೆಎಣ್ಣೆ ಹಾಕಿ ಒರೆಸ್ತಿದ್ರಲ್ಲಾ. ಅದು ಬೇಗ ಅಲ್ವಾ?

ಅವರು ಹಚ್ಚಿಕೊಳ್ಳುತ್ತಿದ್ದದ್ದು ಎಣ್ಣೆ ಬಣ್ಣ, ಅದನ್ನು ಬಿಡಿಸಲು ಸೀಮೆಎಣ್ಣೆ. ಅವರ ಚರ್ಮಕ್ಕೂ ಅದು ಒಳ್ಳೆಯದೇನೂ ಆಗಿರಲಿಲ್ಲ, ಆ ಉರಿಯ ಕಥೆ ಹಳಬರೇ ಹೇಳುತ್ತಾರೆ. ಲೇಟೆಕ್ಸ್‌ಗೆ ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಯಾವುದೂ ಬೇಡ. ಆಗಲೇ ಅಮೋನಿಯಾದಿಂದ ಒಣಗಿದ ಚರ್ಮದ ಮೇಲೆ ಇವು ಬಿದ್ದರೆ ಸುಟ್ಟ ಹಾಗಾಗುತ್ತದೆ. ಗ್ರೀನ್ ರೂಮಿನಲ್ಲಿ ಯಾರೋ ಬೀಡಿ ಹಚ್ಚಿದರೆ ಬೆಂಕಿಯ ಭಯ ಬೇರೆ.

ತಲೆಕೂದಲಿಗೆ, ಹುಬ್ಬಿಗೆ ಅಂಟಿಬಿಟ್ಟಿದೆ.

ನೀರು ಬೇಡ, ನೇರವಾಗಿ ಎಣ್ಣೆ. ಕೊಬ್ಬರಿ ಎಣ್ಣೆ ಧಾರಾಳವಾಗಿ ಹಚ್ಚಿ ಅರ್ಧ ಗಂಟೆ ಬಿಡಿ. ತಲೆಕೂದಲಾದರೆ ಬಟ್ಟೆ ಸುತ್ತಿ ರಾತ್ರಿಯಿಡೀ ಬಿಟ್ಟರೂ ಆದೀತು. ಆಮೇಲೆ ಹೇನಿನ ಬಾಚಣಿಗೆಯಿಂದ ತುದಿಯ ಕಡೆಯಿಂದ ಶುರು ಮಾಡಿ ಬಿಡಿಸಿ. ಬಾರದಿದ್ದರೆ ಆ ನಾಲ್ಕು ಕೂದಲು ಕತ್ತರಿಸಿ. ಹುಬ್ಬಿಗೆ ಹತ್ತಿ ಕಡ್ಡಿಯಿಂದ ಸ್ವಲ್ಪ ಸ್ವಲ್ಪವೇ ಹಚ್ಚಿ, ಎಣ್ಣೆ ಕಣ್ಣಿಗೆ ಇಳಿಯಬಾರದು. ಮುಂದಿನ ಸಲ ಹುಬ್ಬಿಗೆ ಮೊದಲೇ ವ್ಯಾಸಲೀನ್ ಸವರಿಕೊಳ್ಳಿ.

ಕಣ್ಣಿಗೆ ಹಾರಿದರೆ?

ಉಜ್ಜಬೇಡಿ. ಕೂಡಲೇ ನಲ್ಲಿಯ ಕೆಳಗೆ ಕಣ್ಣು ತೆರೆದು ಹಿಡಿದು ಹದಿನೈದು ನಿಮಿಷ ನೀರು ಬಿಡಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ. ಅಮೋನಿಯಾ ಕ್ಷಾರ, ಕಣ್ಣಿನ ಒಳಕ್ಕೆ ಇಳಿಯುತ್ತದೆ. ಉರಿ ಕಡಿಮೆಯಾದರೂ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ.

ತೆಗೆದ ಮೇಲೆ ಚರ್ಮ ಕೆಂಪಾಗಿದೆ. ಗಾಬರಿ ಆಗಬೇಕಾ?

ಎಳೆದದ್ದಕ್ಕೆ ತಿಳಿಗೆಂಪು ಬರುವುದು ಸಹಜ. ಒಂದೆರಡು ಗಂಟೆಯಲ್ಲಿ ಇಳಿಯಬೇಕು. ತಣ್ಣೀರಿನಲ್ಲಿ ತೊಳೆದು, ಒತ್ತಿ ಒರೆಸಿ, ವಾಸನೆ ಇಲ್ಲದ ಮಾಯಿಶ್ಚರೈಸರೋ ಲೋಳೆಸರವೋ ಹಚ್ಚಿ. ಆ ದಿನ ಪರ್ಫ್ಯೂಮ್, ಶೇವಿಂಗ್, ಬಿಸಿಲು ಬೇಡ. ಮಾರನೆಯ ದಿನವೋ ಮೂರನೆಯ ದಿನವೋ ಗುಳ್ಳೆ ಎದ್ದು ತುರಿಸಿದರೆ ಅದು ತಡವಾದ ಅಲರ್ಜಿ ಇರಬಹುದು. ಚರ್ಮದ ಡಾಕ್ಟರಿಗೆ ತೋರಿಸಿ, ಡಬ್ಬಿಯ ಲೇಬಲ್ ಫೋಟೋ ಜೊತೆಗಿರಲಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಯಾವುದೋ ಸ್ಟೀರಾಯ್ಡ್ ಟ್ಯೂಬ್ ತಂದು ಬಳಿಯಬೇಡಿ.

ಹಚ್ಚುತ್ತಿರುವಾಗಲೇ ದದ್ದು ಎದ್ದು ಉಸಿರಾಟ ಕಷ್ಟ ಆದರೆ?

108ಕ್ಕೆ ಫೋನ್ ಮಾಡಿ. ಮುಖ ಊದುವುದು, ಗಂಟಲು ಕಟ್ಟುವುದು, ಉಬ್ಬಸ, ತಲೆ ಸುತ್ತಿ ಬೀಳುವುದು ಇವು ತುರ್ತಿನ ಲಕ್ಷಣ. ಇದಕ್ಕೆ ಅಡ್ರಿನಲಿನ್ ಇಂಜೆಕ್ಷನ್ ಬೇಕು, ಅಲರ್ಜಿ ಮಾತ್ರೆ ಒಂದೇ ಸಾಲುವುದಿಲ್ಲ. ಆಂಬುಲೆನ್ಸ್ ಬರುವಷ್ಟರಲ್ಲಿ ಲೇಟೆಕ್ಸ್ ತೆಗೆದು ನೀರು ಹಾಕಿ. ಆಗ ಕೂದಲು ಕಿತ್ತರೂ ಸರಿ. ತಲೆ ಸುತ್ತುತ್ತಿದ್ದರೆ ಮಲಗಿಸಿ, ಉಸಿರು ಕಷ್ಟ ಆದರೆ ಒರಗಿ ಕೂರಿಸಿ. ನಡೆಸಿಕೊಂಡು ಹೋಗಬೇಡಿ. ಬಂದವರಿಗೆ "ಲೇಟೆಕ್ಸ್ ಅಲರ್ಜಿ" ಅಂತ ಮೊದಲೇ ಹೇಳಿ, ಅವರ ಗ್ಲೌಸ್ ಕೂಡ ಲೇಟೆಕ್ಸ್‌ನದ್ದಿರಬಹುದು.

ಸ್ಕೂಲ್ ಡೇಗೆ ಮಕ್ಕಳಿಗೆ ಹಚ್ಚಬಹುದಾ?

ನಾನು ಹಚ್ಚುವುದಿಲ್ಲ. ಎಷ್ಟು ದುಡ್ಡು ಕೊಡುತ್ತೇನೆ ಅಂದರೂ ಇಲ್ಲ.

ಬಟ್ಟೆಗೆ ಬಿದ್ದರೆ ಹೋಗುತ್ತಾ?

ಹಸಿ ಇದ್ದರೆ ತಕ್ಷಣ ತಣ್ಣೀರಿನಲ್ಲಿ ತೊಳೆಯಿರಿ. ಒಣಗಿದರೆ ಹೋಗುವುದಿಲ್ಲ, ನೂಲಿನೊಳಗೇ ಕೂತುಬಿಡುತ್ತದೆ. ಬಾಡಿಗೆ ಕಾಸ್ಟ್ಯೂಮ್ ಹಾಕಿಕೊಂಡು ಲೇಟೆಕ್ಸ್ ಹಚ್ಚಿಸಿಕೊಂಡರೆ ಡಿಪಾಸಿಟ್ ಮರೆತುಬಿಡಿ. ಅಮ್ಮನ ಮೈಸೂರು ಸಿಲ್ಕ್ ಸೀರೆಯನ್ನು ಆ ಕೋಣೆಗೇ ತರಬೇಡಿ. ಹಿತ್ತಾಳೆ, ತಾಮ್ರದ ಒಡವೆಯನ್ನೂ ಬಿಚ್ಚಿಡಿ. ತಾಮ್ರ ತಾಗಿದ ಕಡೆ ಲೇಟೆಕ್ಸ್ ಕಂದು ಕಲೆ ಹಿಡಿಯುತ್ತದೆ. ಉಂಗುರದ ಮೇಲೆ ಹಚ್ಚಿದರೆ ಬೆರಳು ಊದಿದಾಗ ತೆಗೆಯಲೂ ಆಗುವುದಿಲ್ಲ.

ಲೇಟೆಕ್ಸ್ ಆಗದವರು ಏನು ಮಾಡಬೇಕು?

ನೀರು ತಾಗಿಸಿ ಹಚ್ಚುವ ಬಿಲ್ಲೆ ಬಣ್ಣ (ಕೇಕ್ ಬಣ್ಣ) ಬಳಸಿ. ಸೋಪಿಗೆ ಹೋಗುತ್ತದೆ. ಬೆವರಿಗೆ ನಿಲ್ಲಬೇಕು ಅಂದರೆ ಆಲ್ಕೋಹಾಲ್ ಸೇರಿಸಿ ಹಚ್ಚುವ ಬಣ್ಣಗಳಿವೆ. ಗಾಯ, ಸುಕ್ಕು, ಹುರುಪೆಯಂಥ ಉಬ್ಬು ಬೇಕಾದರೆ ಚರ್ಮಕ್ಕೆ ಅಂತ ಮಾಡಿದ ಸಿಲಿಕೋನ್ ಸಿಗುತ್ತದೆ, ದುಬಾರಿ. ಅವಕ್ಕೂ ಪ್ಯಾಚ್ ಟೆಸ್ಟ್ ಮಾಡಿ.

ಡಬ್ಬಿಯಲ್ಲಿ ಉಳಿದದ್ದನ್ನು ಏನು ಮಾಡಲಿ?

ಮುಚ್ಚಳದ ಅಂಚು ಒರೆಸಿ ಬಿಗಿಯಾಗಿ ಮುಚ್ಚಿ, ನೆರಳಿನಲ್ಲಿಡಿ. ಫ್ರೀಜರಿಗೆ ಹಾಕಿದರೆ ಒಡೆದುಹೋಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ತೆರೆದ ದಿನಾಂಕ ಮೇಲೆ ಬರೆದಿಡಿ. ನಾನು ಆರು ತಿಂಗಳ ಮೇಲೆ ಮೈಗೆ ಬಳಸುವುದಿಲ್ಲ, ಮುಖವಾಡದ ಅಚ್ಚಿಗೆ ಹಾಕುತ್ತೇನೆ. ಬೇಡ ಅಂದರೆ ಹಳೆ ತಟ್ಟೆಯಲ್ಲಿ ಸುರಿದು ಒಣಗಿಸಿ, ರಬ್ಬರ್ ಆದ ಮೇಲೆ ಒಣ ಕಸಕ್ಕೆ ಹಾಕಿ. ಸುಲಿದ ಪೊರೆಯೂ ಅಲ್ಲಿಗೇ. ಸಿಂಕಿಗೋ ಬಚ್ಚಲಿಗೋ ಸುರಿದರೆ ಪೈಪಿನೊಳಗೆ ಹೆಪ್ಪುಗಟ್ಟಿ ಕೂರುತ್ತದೆ. ನಮ್ಮ ಮನೆಯ ಬಚ್ಚಲಿಗೆ ಒಂದು ಸಲ ಹಾಗಾಗಿ, ಪ್ಲಂಬರ್ ಅದನ್ನು ಎಳೆದು ಹೊರಗೆ ತೆಗೆದು, "ಏನಮ್ಮಾ ಇದು, ಹಾವಿನ ಪೊರೆನಾ?" ಅಂತ ಕೇಳಿದ.